ಬಾಲಿಗೆ ಹೊರಟ ದಿಬ್ಬಣ

ಮದುವೆಮನೆಯಲ್ಲಿ ಯಾವ ಕೆಲಸಕ್ಕೂ ಬಾರದ ಗಂಡಸಿಗೆಂದೇ ನಮ್ಮ ಹಿರಿಯರು ಒಂದು ಕೆಲಸ ಕಾದಿರಿಸಿದ್ದರು: ಛತ್ರದ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವುದು. ಅಡುಗೆಭಟ್ಟರ ಹತ್ತಿರ ಮಾತಾಡಲು ಗಂಟಲು ಬೇಕು, ಉಗ್ರಾಣದ ಬೀಗದ ಕೈ ಇಟ್ಟುಕೊಳ್ಳಲು ಗಟ್ಟಿ ಮನಸ್ಸು ಬೇಕು, ಬೀಗರನ್ನು ಸಂಭಾಳಿಸಲು ಎರಡೂ ಬೇಕು. ಪನ್ನೀರಿಗಾದರೆ ಮಣಿಕಟ್ಟು ಆಡಿದರೆ ಸಾಕು. ನನ್ನ ಯೌವನದ ಮದುವೆಗಳೆಲ್ಲ ಪನ್ನೀರುದಾನಿಯ ಹಿಂದೆಯೇ ಕಳೆದವು. ಬಂದವರು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ವಿಚಾರಿಸದೆ, ಕನ್ನಡಕ ಹಾಕಿಕೊಂಡವರಿಗೂ ವಿನಾಯಿತಿ ಕೊಡದೆ, ಎಲ್ಲರನ್ನೂ ಸಮದೃಷ್ಟಿಯಿಂದ ಒದ್ದೆ ಮಾಡಿದ್ದೇನೆ.

ಅಕ್ಕನ ಮಗಳ ಮದುವೆ ಇಂಡೊನೇಷ್ಯದ ಬಾಲಿಯಲ್ಲಿ ಎಂದು ಗೊತ್ತಾದ ದಿನ ಆ ಹುದ್ದೆಯೂ ಹೋಯಿತು. ಬಾಗಿಲಲ್ಲಿ ನಿಲ್ಲುವುದಕ್ಕೆ ಹೋಟೆಲಿನವರೇ ಇರುತ್ತಾರಂತೆ, ಅವರ ನಗು ನನ್ನದಕ್ಕಿಂತ ಚೆನ್ನಾಗಿರುತ್ತದಂತೆ. "ಮಾಮಾ, ನಿಮಗೆ ಅದಕ್ಕಿಂತ ದೊಡ್ಡ ಕೆಲಸ ಇದೆ. ನಮ್ಮ ಕಡೆ ಹಿರಿಯರನ್ನೆಲ್ಲ ಹೊರಡಿಸಿಕೊಂಡು ಬರೋ ಜವಾಬ್ದಾರಿ ನಿಮ್ಮದು" ಎಂದಳು ಹುಡುಗಿ. ಬ್ಯಾಂಕಿನ ಕೌಂಟರಿನ ಹಿಂದೆ ಆಯುಸ್ಸು ಸವೆಸಿದವನಿಗೆ ಅರ್ಜಿ ತುಂಬುವುದೊಂದು ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಕುಟುಂಬದಲ್ಲಿ ನನ್ನ ಸ್ಥಾನ ಅಡುಗೆಮನೆಯ ಇಕ್ಕಳದ್ದು: ಬಿಸಿ ಪಾತ್ರೆ ಇಳಿಸುವ ಹೊತ್ತಿಗೆ ಎಲ್ಲರೂ ಹುಡುಕುತ್ತಾರೆ, ಇಳಿಸಿಯಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಬಾಲಿಯೇ ಏಕೆ ಎಂದು ಕೇಳದವರಿಲ್ಲ. ಹುಡುಗ ಆಸ್ಟ್ರೇಲಿಯದ ಪರ್ತ್‌ನಲ್ಲಿ ಬೆಳೆದವನು, ಮೂಲ ಹಾಸನದ ಕಡೆ. ಅವನ ಬಂಧುಬಳಗವೆಲ್ಲ ಅಲ್ಲೇ. ಪರ್ತ್‌ನಿಂದ ಬಾಲಿಗೆ ವಿಮಾನದಲ್ಲಿ ಮೂರೂವರೆ ಗಂಟೆಯಷ್ಟು ದಾರಿ. ಬೆಂಗಳೂರಿನಿಂದಲೂ 2024ರಿಂದ ನೇರ ವಿಮಾನವಿದೆ. ಹಿಂದೆ ದೂರದೂರದ ಎರಡು ಊರಿನವರು ನಂಟಸ್ತಿಕೆ ಬೆಳೆಸುವಾಗ ನಡುವೆ ಎಲ್ಲೋ ನಂಜನಗೂಡಿನಲ್ಲೋ ಮೇಲುಕೋಟೆಯಲ್ಲೋ ಛತ್ರ ಹಿಡಿಯುತ್ತಿದ್ದರಲ್ಲ, ಲೆಕ್ಕ ಅದೇ. ಮಧ್ಯೆ ಒಂದು ಹಿಂದೂ ಮಹಾಸಾಗರ ಬಂದಿದೆ, ಅಷ್ಟೆ. "ಅಲ್ಲಿ ದೇವಸ್ಥಾನ ಇದೆಯೇನಯ್ಯಾ?" ಎಂದು ದೊಡ್ಡಪ್ಪ ಕೇಳಿದರು. ಸಾವಿರಾರು ಇವೆ, ಅಲ್ಲಿಯ ಜನರಲ್ಲಿ ಬಹುಪಾಲು ಹಿಂದೂಗಳೇ ಎಂದೆ. "ಹಾಗಾದರೆ ಛತ್ರದ ಬಾಡಿಗೆ ಕಡಿಮೆ ಇರಬೇಕು" ಎಂದು ಅವರು ತೀರ್ಮಾನಿಸಿದರು. ನುಸಾ ದುವಾ ಎಂಬಲ್ಲಿ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತ ಆ ಹೋಟೆಲಿನ ದರ ನನಗೆ ಗೊತ್ತಿತ್ತು. ಹಿರಿಯರ ರಕ್ತದೊತ್ತಡದ ದೃಷ್ಟಿಯಿಂದ ಸುಮ್ಮನಾದೆ.

ಅಂದಿನಿಂದ ನನ್ನ ಫೋನಿಗೆ ಬಿಡುವಿಲ್ಲ. ನಮ್ಮ ಹಿರಿಯರಿಗೆ ಸಂಶಯಗಳು ಹುಟ್ಟುವುದು ಬ್ರಾಹ್ಮೀ ಮುಹೂರ್ತದಲ್ಲಿ. "ಅಲ್ಲಿ ಹಾಲು ಸಿಗುತ್ತಾ?" "ವಿಮಾನದಲ್ಲಿ ಕಾಲು ಚಾಚಬಹುದಾ?" "ಮಗ್ಗು ತಗೊಂಡು ಹೋಗಬೇಕಾ?" ಈ ಕೊನೆಯದನ್ನು ಎಲ್ಲರೂ ದನಿ ತಗ್ಗಿಸಿ, ಬೇರೆ ಯಾರಿಗೋ ಸಂಬಂಧಿಸಿದ ವಿಷಯವೆಂಬಂತೆ ಕೇಳಿದರು. ಪ್ರಶ್ನೆ ಅಸಂಬದ್ಧವೆಂದು ನಗಬಹುದು. ಆದರೆ ಪರದೇಶದಲ್ಲಿ ಮನುಷ್ಯನನ್ನು ನಿಜವಾಗಿ ಕಾಡುವುದು ಇವೇ ಮೂರು. ಐತಿಹಾಸಿಕ ಸ್ಥಳಗಳ ಬಗ್ಗೆ ಒಬ್ಬರೂ ವಿಚಾರಿಸಲಿಲ್ಲ.

ಪಾಸ್‌ಪೋರ್ಟಿನ ಅಧ್ಯಾಯ ಶುರುವಾದದ್ದು ಸೋದರತ್ತೆಯಿಂದ. ಎಂಬತ್ತರ ಹತ್ತಿರದ ನಮ್ಮತ್ತೆ ದಕ್ಷಿಣಕ್ಕೆ ರಾಮೇಶ್ವರ, ಉತ್ತರಕ್ಕೆ ಬದರಿ ನೋಡಿದವರು. ಈ ದೇಶದೊಳಗೆ ಎಲ್ಲಿಗೆ ಹೋಗುವುದಕ್ಕೂ ಅವರಿಗೆ ಒಂದು ಕೈಚೀಲ, ಒಂದು ತಂಬಿಗೆ ಸಾಕಾಗಿತ್ತು. ತಾನು ಇಂಥವಳು ಎಂದು ತೋರಿಸಿಕೊಳ್ಳುವ ಪುಸ್ತಕವೊಂದು ಬೇಕೆಂದು ಯಾರೂ ಕೇಳಿರಲಿಲ್ಲ. ಅರ್ಜಿ ತುಂಬಲು ಕೂತಾಗ ಮೊದಲು ಎದುರಾದದ್ದು ಹುಟ್ಟಿದ ತಾರೀಖು. ಆಧಾರಿನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು. "ನಿಜವಾದ್ದು ಯಾವುದು ಅತ್ತೆ?" ಎಂದರೆ, "ಕೃತ್ತಿಕಾ ನಕ್ಷತ್ರ, ಹಸು ಕರು ಹಾಕಿದ ಮಾರನೇ ದಿನ" ಎಂದರು. ಹಸುವಿನ ದಾಖಲೆ ಸಿಗುವ ಹಾಗಿರಲಿಲ್ಲ. ಆ ಕಾಲದ ಮನೆಗಳಲ್ಲಿ ಇದೇನೂ ಹೊಸದಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹುಡುಗನ ಎತ್ತರ ನೋಡಿ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಅವರ ಕೃಪೆಯಿಂದ ನಮ್ಮ ಕುಟುಂಬದ ಅರ್ಧ ಗಂಡಸರು ಜೂನ್ ತಿಂಗಳಲ್ಲೇ ಹುಟ್ಟಿದ್ದಾರೆ.

ಅದಾದ ಮೇಲೆ ಹೆಸರಿನ ಗೋಳು. ಹಳೇ ಮೈಸೂರಿನವರಿಗೆ ಮನೆತನದ ಹೆಸರು ಎಂಬುದೊಂದು ಇರುವುದಿಲ್ಲ. ಮುಂದೆ ಊರಿನ ಅಕ್ಷರ, ಅದರ ಹಿಂದೆ ತಂದೆಯ ಅಕ್ಷರ, ಕೊನೆಗೆ ತಾನು. ಪಾಸ್‌ಪೋರ್ಟಿನ ಅರ್ಜಿ ಅಕ್ಷರಗಳನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ದೊಡ್ಡಪ್ಪನ ಹೆಸರಿನೊಳಗಿಂದ ಹೊಳೆನರಸೀಪುರ ಇಡಿಯಾಗಿ ಹೊರಗೆ ಬಂತು. ಅವರ ಹಳೆಯ ಪಾಸ್‌ಪೋರ್ಟಿನಲ್ಲಿ ಅದು ಮನೆತನದ ಜಾಗದಲ್ಲಿ ಕೂತಿದ್ದರಿಂದ ಹೋಟೆಲಿನ ಪತ್ರವೂ 'ಮಾನ್ಯ ಹೊಳೆನರಸೀಪುರ ಅವರೇ' ಎಂದೇ ಬಂತು. ದೊಡ್ಡಪ್ಪನಿಗೆ ಬಹಳ ಸಂತೋಷವಾಯಿತು. ಹುಟ್ಟೂರಿನಲ್ಲಿ ಅವರಿಗೆ ಒಂದು ಗುಂಟೆ ಜಮೀನೂ ಉಳಿದಿಲ್ಲ. ಬಾಲಿಯಲ್ಲಿ ಊರಿಗೆ ಊರೇ ಅವರ ಹೆಸರಿಗಾಗಿತ್ತು.

ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪದ್ಧತಿ ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ. ಅತ್ತೆಗೆ ಇದರಿಂದ ಧೈರ್ಯ ಬಂತು. ಅಂಚೆ ಕಚೇರಿ ಅವರಿಗೆ ಗುರುತಿನ ಜಾಗ. ಮನಿಯಾರ್ಡರಿನ ಕಾಲದಿಂದ ಹೋಗಿ ಬಂದದ್ದು. ಫೋಟೊ ತೆಗೆಯುವಾಗ ಸೆರಗು ಸರಿಮಾಡಿಕೊಂಡು ಮುಹೂರ್ತದ ಫೋಟೊಕ್ಕೆ ನಿಂತಂತೆ ಕೂತರು. ತೊಡಕಾದದ್ದು ಬೆರಳಿನ ಗುರುತಿಗೆ. ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಸುಮ್ಮನೆ ಕೂಗುತ್ತದೆ, ಗೆರೆಗಳೇ ಮೂಡುವುದಿಲ್ಲ. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ತನ್ನ ಪರ್ಸಿನಿಂದ ಕ್ರೀಮು ತೆಗೆದು ಹಚ್ಚಿದಳು, ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಕಡೆಗೆ ಅತ್ತೆಯ ಅಂಗೈ ತಿರುಗಿಸಿ ನೋಡಿ, "ಎಷ್ಟು ವರ್ಷ ಪಾತ್ರೆ ತಿಕ್ಕಿದೀರಿ ಅಜ್ಜಿ?" ಎಂದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇವುಗಳ ನಡುವೆ ಬೆರಳಿನ ಗೆರೆಗಳು ಒಂದೊಂದಾಗಿ ಹೋಗಿಬಿಟ್ಟಿದ್ದವು. "ನೀನು ಬಿಡಮ್ಮ, ಅಡುಗೆಮನೆ ಬಿಟ್ಟು ಬೇರೆ ಎಲ್ಲೂ ನನ್ನ ಗುರುತು ಇಲ್ಲ" ಎಂದು ಅತ್ತೆ ನಕ್ಕರು. ಹುಡುಗಿ ಬಿಡಲಿಲ್ಲ. ಎಡಗೈ ಕಿರುಬೆರಳಿನಿಂದ ಮೊದಲುಮಾಡಿ, ಹೇಗೋ ಹತ್ತನ್ನೂ ಮೂಡಿಸಿದಳು.

ಅದಾಗಿ ಪೊಲೀಸ್ ವಿಚಾರಣೆಗೆ ಮನೆಗೆ ಬಂದ ಕಾನ್‌ಸ್ಟೇಬಲ್, ಹಜಾರದ ಬೆಂಚಿನ ಮೇಲೆ ಕೂತು, "ಯಾವ ದೇಶಕ್ಕಮ್ಮ?" ಎಂದು ಕೇಳಿದರು. "ಹುಡುಗಿ ನನ್ನ ಅಣ್ಣನ ಮೊಮ್ಮಗಳು" ಎಂದು ಅತ್ತೆ ಪ್ರಾರಂಭಿಸಿದರು. ಕಾಫಿ ಮುಗಿಯುವ ಹೊತ್ತಿಗೆ ಅವರಿಗೆ ನಮ್ಮ ಗೋತ್ರ, ಹುಡುಗನ ಸಂಬಳ, ಅಕ್ಕ ಸೀರೆ ತೆಗೆದುಕೊಂಡ ಅಂಗಡಿ ಎಲ್ಲ ಗೊತ್ತಾಗಿತ್ತು. ಅಷ್ಟು ಸಮಗ್ರವಾದ ವಿಚಾರಣೆ ಆ ಠಾಣೆಯ ಚರಿತ್ರೆಯಲ್ಲೇ ನಡೆದಿರಲಾರದು.

ಪಾಸ್‌ಪೋರ್ಟ್ ಇದ್ದವರೂ ನಿಶ್ಚಿಂತರಾಗಿರಲಿಲ್ಲ. ಅಲ್ಲಿಗೆ ಇಳಿಯುವ ದಿನಕ್ಕೆ ಇನ್ನೂ ಆರು ತಿಂಗಳ ಆಯುಸ್ಸು ಆ ಪುಸ್ತಕಕ್ಕಿರಬೇಕು ಎಂಬ ನಿಯಮವನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು. "ನಾನಿರೋದೇ ಗ್ಯಾರಂಟಿ ಇಲ್ಲ, ಪುಸ್ತಕಕ್ಕೇನಯ್ಯಾ ಅವಸರ?" ಎಂದರು ದೊಡ್ಡಪ್ಪ. ವೀಸಾವನ್ನು ಅಲ್ಲಿಯ ವಿಮಾನ ನಿಲ್ದಾಣದಲ್ಲೇ ಕೊಡುತ್ತಾರೆ, ಶುಲ್ಕ ಐದು ಲಕ್ಷ ಎಂದಾಗ ಆ ಕಡೆ ಫೋನು ನಿಶ್ಶಬ್ದವಾಯಿತು. ರುಪಾಯ ಎಂದು ಸೇರಿಸುವಷ್ಟರಲ್ಲಿ ಅವರು ದೊಡ್ಡಮ್ಮನನ್ನು ಕೂಗಿಯಾಗಿತ್ತು. ನಮ್ಮ ಒಂದು ರೂಪಾಯಿಗೆ ಅಲ್ಲಿಯದು ನೂರೆಂಬತ್ತರ ಆಚೆ ಈಚೆ ಬರುತ್ತದೆ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದೊಳಗೆ ಎಂದು ಸಮಾಧಾನ ಮಾಡಿದೆ. ದ್ವೀಪಕ್ಕೆ ಕಾಲಿಡುವ ಪ್ರವಾಸಿಗೆ 2024ರ ಫೆಬ್ರವರಿಯಿಂದ ಇನ್ನೊಂದು ಲಕ್ಷದ ಐವತ್ತು ಸಾವಿರದ ತೆರಿಗೆಯೂ ಇದೆ ಎಂಬುದನ್ನು ಬೇರೊಂದು ದಿನಕ್ಕೆ ಇಟ್ಟುಕೊಂಡೆ.

ಹಣದ ಮಾತು ಬಂದದ್ದರಿಂದ ಮುಯ್ಯಿಯ ವಿಷಯ ಹೇಳಿಬಿಡುತ್ತೇನೆ. ದೊಡ್ಡಪ್ಪ ಯಾರಿಗೂ ದುಂಡು ಮೊತ್ತ ಓದಿಸಿದವರಲ್ಲ. ನೂರೊಂದು, ಐನೂರೊಂದು, ಸಾವಿರದೊಂದು. ಆ ಒಂದು ಇಲ್ಲದಿದ್ದರೆ ಅದು ಉಡುಗೊರೆಯಲ್ಲ, ಬಾಕಿ ತೀರಿಸಿದ ಹಾಗೆ ಎಂಬುದು ಅವರ ಮತ. ಹೋದ ದೇಶದ ದುಡ್ಡಲ್ಲೇ ಓದಿಸಬೇಕೆಂದು ಹಟಹಿಡಿದು ಹತ್ತು ಲಕ್ಷದೊಂದು ರುಪಾಯ ಕೊಡುತ್ತೇನೆ ಎಂದರು. ಹತ್ತು ಲಕ್ಷಕ್ಕೆ ಲಕ್ಷದ ಹತ್ತು ನೋಟು ಸುಲಭವಾಗಿ ಸಿಕ್ಕಿತು. ಒಂದು ರುಪಾಯ ಎಲ್ಲಿಂದ ತರುವುದು? ಅಲ್ಲಿ ಅಂಗಡಿಯಲ್ಲಿ ಓಡಾಡುವ ಚಿಲ್ಲರೆಯೇ ನೂರರಿಂದ ಮೇಲಕ್ಕೆ. ಕಡೆಗೆ ಲಕೋಟೆಯಲ್ಲಿ ಆ ನೋಟುಗಳ ಜೊತೆ ನಮ್ಮ ಒಂದು ರೂಪಾಯಿ ನಾಣ್ಯ ಅಂಟಿಸಿದೆವು. ಲೆಕ್ಕ ನೋಡಿದರೆ ಆ ಒಂದೇ ನಾಣ್ಯ ಅವರು ಕೇಳಿದ ಒಂದಕ್ಕೆ ನೂರೆಂಬತ್ತು ಪಾಲು ಹೆಚ್ಚು. ದೊಡ್ಡಪ್ಪನಿಗೆ ಇದನ್ನು ತಿಳಿಸಲಿಲ್ಲ. ತಿಳಿದಿದ್ದರೆ ಚಿಲ್ಲರೆ ವಾಪಸು ಕೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಯುದ್ಧ ನಡೆದದ್ದು ಕೊಬ್ಬರಿಯ ಮೇಲೆ. ಬಟ್ಟಲು ಕೊಬ್ಬರಿ ಇಲ್ಲದೆ ನಮ್ಮಲ್ಲಿ ಯಾವ ಶಾಸ್ತ್ರವೂ ಮುಂದೆ ಸಾಗುವುದಿಲ್ಲ. ವಿಮಾನದವರ ಮಟ್ಟಿಗೆ ಒಣಕೊಬ್ಬರಿ ಅಪಾಯಕಾರಿ ಸರಕು; ಅದರ ಎಣ್ಣೆಯ ದೆಸೆಯಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ. ಇದನ್ನು ತಿಪಟೂರಿನ ಚಿಕ್ಕಮ್ಮನಿಗೆ ತಿಳಿಸುವ ಭಾಗ್ಯ ನನ್ನದಾಯಿತು. ಅವರ ಮನೆಯ ಅಟ್ಟದ ಮೇಲೆ ಕಾಯಿ ವರ್ಷದುದ್ದಕ್ಕೂ ಕೂತು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅದರ ಕೆಳಗೇ ಅವರು ಮದುವೆಯಾಗಿ ಬಂದದ್ದು, ಮೂರು ಮಕ್ಕಳನ್ನು ಹೆತ್ತದ್ದು. "ನಮ್ಮ ಅಟ್ಟಕ್ಕೆ ಯಾವತ್ತಾದರೂ ಬೆಂಕಿ ಬಿದ್ದದ್ದು ಕೇಳಿದೀಯೇನೋ?" ಎಂದರು. ಇಲ್ಲ ಚಿಕ್ಕಮ್ಮ ಎಂದೆ. "ಮತ್ತೆ? ತಿಪಟೂರಿನ ಕೊಬ್ಬರಿ ಮೇಲೆ ಇವರು ಹೀಗೆ ಅಪವಾದ ಹೊರಿಸಬಹುದಾ?" ಕಾನೂನು ಯಾವ ಊರಿನ ಕೊಬ್ಬರಿಯನ್ನೂ ಬಿಟ್ಟಿಲ್ಲ ಎಂದ ಮೇಲೆ ತುಸು ಶಾಂತರಾದರು. ಆದರೂ ಆಮೇಲೆ ಬಹಳ ದಿನ ಅವರು ನನ್ನನ್ನು ಅಡಿಕೆ ಸೀಮೆಯವನನ್ನು ನೋಡುವ ಹಾಗೆ ನೋಡಿದರು.

ಕೊಬ್ಬರಿಯ ಹಿಂದೆಯೇ ಕರ್ಪೂರ ಹೋಯಿತು, ಬೆಂಕಿಪೊಟ್ಟಣ ಹೋಯಿತು. ಮಾವಿನೆಲೆ, ದರ್ಭೆ, ವೀಳ್ಯದೆಲೆ, ಹಣ್ಣುಹಂಪಲು, ಎಲ್ಲಕ್ಕೂ ಅಲ್ಲಿಯ ಕ್ವಾರಂಟೈನಿನವರ ಕಾಗದ ಬೇಕು ಎಂದು ಬಿಟ್ಟೆವು. ಕೆಲವರು ಸಿಂಗಪುರದ ದಾರಿಯಲ್ಲಿ ಬರುವವರಿದ್ದರು. ಅವರಿಗೆ ಗಸಗಸೆ ಸುತಾರಾಂ ಕೂಡದೆಂದು ಬೇರೆಯಾಗಿ ಹೇಳಿದೆ. ಸಿಂಗಪುರದಲ್ಲಿ ಅದು ನಿಷಿದ್ಧ ವಸ್ತು. ಪಾಯಸದ ಸಾಮಾನಿಗೆ ಮಾದಕದ್ರವ್ಯದ ಕಾನೂನು ಹತ್ತುತ್ತದೆ ಎಂದರೆ ನಂಬುವವರು ಯಾರು? "ಊಟ ಆದಮೇಲೆ ನಿದ್ದೆ ಬರೋದು ನಿಜ" ಎಂದು ಭಾವ ಮಾತ್ರ ಯೋಚಿಸಿ ಒಪ್ಪಿಕೊಂಡರು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ರೇಷ್ಮೆ ಸೀರೆಗಳಿಗೆ ಜೀವಭಯ. ಉಳಿದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ. ಎಲ್ಲರ ಪೆಟ್ಟಿಗೆಗಳನ್ನೂ ಒಟ್ಟಿಗೆ ತೂಗಿದಾಗ ತಿಳಿದದ್ದು, ನಾವು ಮದುವೆಗೆ ಹೊರಟಿದ್ದೇವೋ ಬರಗಾಲ ಬಿದ್ದ ಸೀಮೆಗೆ ಹೊರಟಿದ್ದೇವೋ ಎಂದು ಕಸ್ಟಮ್ಸ್‌ನವರಿಗೆ ಅನುಮಾನ ಬರುವಷ್ಟು ಕೋಡುಬಳೆ ನಮ್ಮಲ್ಲಿತ್ತು. ಒಡವೆಯ ವಿಷಯದಲ್ಲಿ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಬೆಲೆಬಾಳುವ ನಗವಿದ್ದರೆ ಹೊರಡುವಾಗಲೇ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ತೆಗೆದುಕೊಂಡರೆ ಹಿಂತಿರುಗುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ ಎಂದಾಗ, ಹೆಂಗಸರು ಒಬ್ಬರಿಗೊಬ್ಬರು ತಮ್ಮ ನಗ ತೋರಿಸಲು ಸಿಕ್ಕ ಸರ್ಕಾರಿ ಕಾರಣಕ್ಕೆ ಸಂತೋಷಪಟ್ಟರು.

ನಾನು ಹುಡುಗನಾಗಿದ್ದಾಗ ದಿಬ್ಬಣವೆಂದರೆ ಒಂದು ಬಸ್ಸು. ಹೊರಡುವುದು ಬೆಳಗ್ಗೆ ಆರಕ್ಕೆ ಎಂದರೆ ಎಂಟಕ್ಕೆ ಹೊರಡುತ್ತಿತ್ತು. ಹೊರಟ ಮೇಲೆ ಯಾರೋ ಒಬ್ಬರು ಮನೆಯಲ್ಲೇ ಉಳಿದದ್ದು ಗೊತ್ತಾಗಿ ತಿರುಗಿ ಬರುತ್ತಿತ್ತು. ಬಸ್ಸಿನ ಮೇಲೆ ಹಂಡೆ, ಒಳಗೆ ಹೂವಿನ ಕುಕ್ಕೆ, ಹಿಂದಿನ ಸೀಟಿನಲ್ಲಿ ಇಸ್ಪೀಟು. ದಾರಿಯಲ್ಲಿ ಗುರುತಿನವರು ಕೈ ತೋರಿಸಿದರೆ ಅವರನ್ನೂ ಹತ್ತಿಸಿಕೊಂಡು, ಮದುವೆಗೇ ಕರೆದುಕೊಂಡು ಹೋಗಿದ್ದುಂಟು. ಗಂಡಿನ ಕಡೆಯವರಾದರೆ ಇಳಿದ ಕೂಡಲೇ ಕಾಲು ತೊಳೆಯಲು ಬಿಸಿನೀರು ಬರಲಿಲ್ಲವೆಂದು ಮುನಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇತ್ತು. ಅತಿಥಿಯಾಗಲು ಬೇಕಾದ ಅರ್ಹತೆ ಹಸಿವು ಒಂದೇ. ಈಗ ಅತಿಥಿಯಾಗುವುದಕ್ಕೂ ಪರೀಕ್ಷೆ ಪಾಸು ಮಾಡಬೇಕು: ಪುಸ್ತಕ, ಫೋಟೊ, ಮರಳುವ ಟಿಕೆಟ್ಟು, ಪ್ರಯಾಣದ ವಿಮೆ, ಕಸ್ಟಮ್ಸ್‌ನವರಿಗೆ ಮೊದಲೇ ಫೋನಿನಲ್ಲಿ ತುಂಬಿಟ್ಟ ಘೋಷಣೆ, ಮೇಲೆ ಐದು ಸಮಾರಂಭಕ್ಕೆ ಐದು ಬಣ್ಣದ ಬಟ್ಟೆ.

ಪರೀಕ್ಷೆ ಎಂದ ಮೇಲೆ ತಾಲೀಮು ಬೇಡವೆ? ಒಂದು ಭಾನುವಾರ ಅಕ್ಕನ ಮನೆಯ ಹಜಾರವೇ ಕೆಂಪೇಗೌಡ ವಿಮಾನ ನಿಲ್ದಾಣವಾಯಿತು. ನಡುಮನೆಯ ಬಾಗಿಲು ಲೋಹ ಪತ್ತೆಯ ಚೌಕಟ್ಟು. ಊಟದ ಕುರ್ಚಿಗಳನ್ನು ಸಾಲಾಗಿಟ್ಟು, ಶಲ್ಯಗಳನ್ನೇ ಸೀಟ್ ಬೆಲ್ಟ್ ಮಾಡಿ ಎಲ್ಲರನ್ನೂ ಕಟ್ಟಿದೆವು. ದೊಡ್ಡಪ್ಪ ಚೌಕಟ್ಟು ದಾಟುವಾಗ ಜೇಬಿನಿಂದ ಕೀಗೊಂಚಲು, ಅಮೃತಾಂಜನದ ಡಬ್ಬಿ, ನಶ್ಯದ ಡಬ್ಬಿ, ಯಾವ ಕಾಲದ್ದೋ ಒಂದು ಬಸ್ ಟಿಕೆಟ್ಟು ಹೊರಗೆ ಬಂದವು, ಅವರಿಗೇ ಆಶ್ಚರ್ಯ. ಮೊಮ್ಮಗಳೊಬ್ಬಳು ಮೇಜಿನ ಹಿಂದೆ ಕೂತು ಇಮಿಗ್ರೇಶನ್ ಅಧಿಕಾರಿಯಾದಳು. "ಪರ್ಪಸ್ ಆಫ್ ವಿಸಿಟ್?" ಎಂದು ಗದರಿಸಿದಳು. "ಮದುವೆ" ಎಂದರು ಅತ್ತೆ. "ಯಾರದ್ದು?" ಎಂದು ಅವಳು ಕೇಳಬಾರದಿತ್ತು. ಅತ್ತೆ ಮುತ್ತಜ್ಜನಿಂದ ಹಿಡಿದರು. ಸಾಲಿನಲ್ಲಿ ಹಿಂದೆ ನಿಂತಿದ್ದವರೆಲ್ಲ ಕೂತುಕೊಂಡರು, ಅಕ್ಕ ಮಜ್ಜಿಗೆ ಹಂಚಿದಳು. ಆವತ್ತು ಯಾರೂ ದೇಶ ಬಿಡಲಾಗಲಿಲ್ಲ.

ಪುರೋಹಿತರನ್ನೂ ಇಲ್ಲಿಂದಲೇ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಅವರದು ಬೇರೆಯೇ ಚಿಂತೆ. ಇಲ್ಲಿಯ ಒಂಟಿಕೊಪ್ಪಲು ಪಂಚಾಂಗದ ಲಗ್ನದ ಹೊತ್ತು ಅಲ್ಲಿಗೆ ಹೊಂದುವುದಿಲ್ಲ; ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಮೇಲಾಗಿ ಸಮಭಾಜಕದಿಂದ ಎಂಟು ಡಿಗ್ರಿ ದಕ್ಷಿಣಕ್ಕೆ. ಅವರು ಕೂತು ಹೊಸದಾಗಿ ಲೆಕ್ಕ ಹಾಕಿದರು. ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ದಡದಲ್ಲಿದ್ದೇವೆ ಎಂದು ಹೇಳಿಕೊಳ್ಳುವುದು ರೂಢಿ. ನಕ್ಷೆ ನೋಡಿ, "ದಕ್ಷಿಣ ಅನ್ನೋದರಲ್ಲಿ ಸುಳ್ಳಿಲ್ಲ, ದಡ ಸ್ವಲ್ಪ ದೂರ" ಎಂದು ಸಮಾಧಾನ ಮಾಡಿಕೊಂಡರು. ನಾನು ಇನ್ನೊಂದು ತಲೆಹರಟೆ ಎತ್ತಿದೆ. ಸಪ್ತಪದಿಯಾದ ಮೇಲೆ ವಧುವಿಗೆ ಧ್ರುವ ನಕ್ಷತ್ರ ತೋರಿಸಬೇಕಲ್ಲ? ಮೈಸೂರಿನಲ್ಲಿ ಉತ್ತರದ ದಿಗಂತದಿಂದ ಹನ್ನೆರಡು ಡಿಗ್ರಿ ಮೇಲಾದರೂ ಅದು ಇದೆ. ಸಮಭಾಜಕ ದಾಟಿದ ಬಾಲಿಯಲ್ಲಿ ಧ್ರುವ ದಿಗಂತದ ಕೆಳಗೇ ಉಳಿಯುತ್ತದೆ, ವರ್ಷದಲ್ಲಿ ಒಂದು ರಾತ್ರಿಯೂ ಕಾಣುವುದಿಲ್ಲ. ಅರುಂಧತಿಯೇನೋ ಉತ್ತರದಲ್ಲಿ ಕೆಳಗೆ ಕಾಣುತ್ತಾಳೆ. ಪುರೋಹಿತರು ನಕ್ಕರು. "ಛತ್ರದಲ್ಲಿ ಹಗಲು ಹನ್ನೊಂದು ಗಂಟೆಗೆ ಫ್ಯಾನಿನ ಕಡೆ ಬೆರಳು ತೋರಿಸಿದಾಗ ಯಾರಿಗೆ ಕಂಡಿತ್ತು ಸ್ವಾಮಿ? ಕಾಣದೇ ಹೋದರೂ ಕಾಣುತ್ತೆ ಅಂತಲೇ ಹೇಳಬೇಕು ಅಂತ ಪಾರಸ್ಕರ ಗೃಹ್ಯಸೂತ್ರದಲ್ಲೇ ಇದೆ." ಸಂಸಾರದ ಬಗ್ಗೆ ಅಷ್ಟು ತಿಳಿದವರು ಸೂತ್ರ ಬರೆದಿದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದಿನ ಗೊತ್ತುಮಾಡುವಾಗ ಬೀಗರು ಯುಗಾದಿಯ ಆಸುಪಾಸು ಎಂದಿದ್ದರು. ಒಳ್ಳೆಯದಾಯಿತು, ಅದು ಕೂಡಿಬರಲಿಲ್ಲ. ಬಾಲಿಯವರದೂ ಶಕ ವರ್ಷ. ಅವರ ಹೊಸ ವರ್ಷ ನ್ಯೆಪಿಯೂ ಮಾರ್ಚಿನ ಅಮಾವಾಸ್ಯೆಯ ಹಿಂದೆಯೇ ಬರುತ್ತದೆ. 2026ರಲ್ಲಿ ಮಾರ್ಚ್ 19, ಎರಡೂ ಒಂದೇ ದಿನ, ಎರಡು ಕಡೆಯೂ 1948ನೇ ಶಕ. ನಾವು ಹೋಳಿಗೆ ತಟ್ಟುವ ಹೊತ್ತಿಗೆ ಅವರು ದೀಪ ಹಚ್ಚದೆ, ಒಲೆ ಹೊತ್ತಿಸದೆ, ಮನೆ ಬಿಟ್ಟು ಹೊರಗೆ ಬಾರದೆ ಮೌನವಾಗಿರುತ್ತಾರೆ. ವಿಮಾನ ನಿಲ್ದಾಣವೂ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ. ನಮ್ಮ ಕಡೆಯವರನ್ನು ಒಂದು ದಿನ ಮೌನವಾಗಿರಿಸುವ ಕೆಲಸ ನನ್ನ ಪಾಲಿಗೆ ಬಾರದಿದ್ದುದು ದೇವರ ದಯೆ. ಮದುವೆ ವೈಶಾಖಕ್ಕೆ ನಿಂತಿತು.

ಬಾಲಿಯಲ್ಲಿ ನಡೆದದ್ದನ್ನು ಹೆಚ್ಚು ಹೇಳುವುದಿಲ್ಲ. ಮದುವೆ ಎಲ್ಲ ಮದುವೆಗಳ ಹಾಗೆ ಚೆನ್ನಾಗಿಯೇ ಆಯಿತು. ಹುಡುಗ ಕಾಶಿಯಾತ್ರೆಗೆಂದು ಕ್ಯಾಬಿನ್ ಬ್ಯಾಗಿನಲ್ಲಿ ಬಂದಿದ್ದ ಛತ್ರಿ ಹಿಡಿದು ಈಜುಕೊಳದ ಕಡೆ ಹೊರಟ. ಇಡೀ ದಿಬ್ಬಣದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಯಾತ್ರೆ ಹೊರಟವನು ಅವನೊಬ್ಬನೇ. ಭಾವ ಹೋಗಿ ಕರೆತಂದರು. ಮಾರನೆಯ ಬೆಳಗ್ಗೆ ಅತ್ತೆ ಕಾಣಲಿಲ್ಲವೆಂದು ಹುಡುಕಿದರೆ, ಹೋಟೆಲಿನ ಹಿಂಬದಿಯ ಪುಟ್ಟ ಗುಡಿಯ ಮುಂದೆ ಕೆಲಸದ ಹೆಂಗಸೊಬ್ಬಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಆಕೆ ಎಳೆ ತೆಂಗಿನಗರಿಯಿಂದ ಅಂಗೈಯಗಲದ ತಟ್ಟೆ ಹೆಣೆದು ಬಣ್ಣಬಣ್ಣದ ಹೂ ಜೋಡಿಸುತ್ತಿದ್ದಳು. ಚನಾಂಗ್ ಸಾರಿ ಎನ್ನುತ್ತಾರೆ. ದಿನ ಬೆಳಗಾದರೆ ಪ್ರತಿ ಹೊಸಿಲಿಗೂ ಅಂಗಡಿ ಮುಂಗಟ್ಟಿಗೂ ಇಡುವ ನೈವೇದ್ಯ. "ನೋಡೋ ಇಲ್ಲಿ" ಎಂದು ಅತ್ತೆ ಹೂವು ಸರಿಸಿ ತಳದಲ್ಲಿದ್ದುದನ್ನು ತೋರಿಸಿದರು. ವೀಳ್ಯದೆಲೆ, ಅಡಿಕೆ ಚೂರು, ಸುಣ್ಣ. ಅವಿಲ್ಲದೆ ಆ ತಟ್ಟೆ ಪೂರ್ತಿಯಾಗುವುದಿಲ್ಲವಂತೆ. ಕಸ್ಟಮ್ಸಿಗೆ ಹೆದರಿಸಿ ನಾನು ಅತ್ತೆಯ ಎಲೆಯಡಿಕೆ ಚೀಲವನ್ನು ಮೈಸೂರಿನಲ್ಲೇ ಬಿಡಿಸಿದ್ದೆ. ಈಗ ಅವರ ಕೆನ್ನೆ ಒಂದು ಕಡೆ ಉಬ್ಬಿತ್ತು. ಇಬ್ಬರಿಗೂ ಒಂದು ಮಾತೂ ಹೊಂದದೆ, ಎಲ್ಲವನ್ನೂ ಮಾತಾಡಿಕೊಂಡಾಗಿತ್ತು.

ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಮದುವೆಗಿಂತ ಅದರ ಹಿಂದಿನ ತಿಂಗಳುಗಳೇ. ನಮ್ಮೂರಿನ ಮದುವೆಗಳಲ್ಲಿ ಈಗ ಮನೆಯವರಿಗೆ ಮಾಡಲು ಕೆಲಸವೇ ಉಳಿದಿಲ್ಲ. ಚಪ್ಪರ, ಅಡುಗೆ, ಹೂವು, ಓಲಗ, ಅಲಂಕಾರ, ಎಲ್ಲ ಗುತ್ತಿಗೆ. ನಾವು ಸಂಜೆ ಹೋಗಿ ಸಾಲಿನಲ್ಲಿ ನಿಂತು ಲಕೋಟೆ ಕೊಟ್ಟು, ಐಸ್‌ಕ್ರೀಮ್ ತಿಂದು ಬರುತ್ತೇವೆ. ಸಂಡಿಗೆ ಹಾಕಲು ಹೆಂಗಸರು ಸೇರುವುದು, ತೆಂಗಿನಕಾಯಿ ಎಣಿಸುತ್ತ ಗಂಡಸರು ಜಗಳವಾಡುವುದು, ಅದೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಅಷ್ಟು ದೂರದ ಮದುವೆ ಅದನ್ನು ನಮಗೆ ವಾಪಸು ಕೊಟ್ಟಿತು. ಪೆಟ್ಟಿಗೆ ತೂಗುವ ನೆಪದಲ್ಲಿ ಚಿಕ್ಕಮ್ಮನೂ ಅತ್ತೆಯೂ ಹಳೆಯ ಮುನಿಸು ಮರೆತರು; ಅರ್ಜಿ ತುಂಬುವ ನೆಪದಲ್ಲಿ ದೊಡ್ಡಪ್ಪ ತಮ್ಮ ತಂದೆಯ ಹೆಸರನ್ನು ನನ್ನೆದುರು ಮೊದಲ ಸಲ ಪೂರ್ತಿಯಾಗಿ ಹೇಳಿದರು. ದುಡ್ಡು ದಂಡ, ಆಡಂಬರ ಎಂದು ಬೈಯುವವರ ಮಾತು ನಿಜವಿದ್ದೀತು. ನಾನು ಮಾತ್ರ ಆ ಭಾನುವಾರದ ಹಜಾರವನ್ನು ಆಡಂಬರದ ಲೆಕ್ಕಕ್ಕೆ ಸೇರಿಸಲಾರೆ.

ಆದರೆ ಒಂದು ಕುಂದು ಉಳಿಯಿತು. ಅಕ್ಕನ ಮನೆಯಲ್ಲಿ ಬಹಳ ವರ್ಷದಿಂದ ಕೆಲಸಕ್ಕಿರುವ ಹೆಂಗಸು ಆ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೈಸೂರಿನ ಛತ್ರವಾಗಿದ್ದರೆ ಕರೆಯೋಲೆ ಇಲ್ಲದೆಯೂ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಲಿಯ ಪಟ್ಟಿಯಲ್ಲಿ ಅವಳಿರಲಿಲ್ಲ. ಬೇಕೆಂದು ಬಿಟ್ಟವರು ಯಾರೂ ಇಲ್ಲ. ಪಾಸ್‌ಪೋರ್ಟ್ ಇರುವವರಿಂದ ಪಟ್ಟಿ ಶುರುವಾಯಿತು, ಇಲ್ಲದ ನೆಂಟರಿಗೆ ಮಾಡಿಸುವಲ್ಲಿಗೆ ಮುಗಿಯಿತು. ಅವಳು ಧಾರೆಯನ್ನು ಫೋನಿನಲ್ಲಿ ನೋಡಿದಳು, ಎರಡೂವರೆ ಗಂಟೆ ಹಿಂದಿನ ನಮ್ಮ ಹೊತ್ತಿನಲ್ಲಿ, ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು.

ಆದ್ದರಿಂದ ವಿದೇಶದಲ್ಲಿ ಮದುವೆ ಮಾಡಹೊರಟವರಿಗೆ ನನ್ನದೊಂದು ವಿನಂತಿ. ಹೋಟೆಲು ನೋಡುವ ಮೊದಲು, ಬಟ್ಟೆಯ ಬಣ್ಣ ಗೊತ್ತುಮಾಡುವ ಮೊದಲು, ಪಾಸ್‌ಪೋರ್ಟ್ ಇಲ್ಲದವರ ಪಟ್ಟಿ ಬರೆಯಿರಿ. ಅದರಲ್ಲಿ ಯಾರಿಲ್ಲದೆ ನಿಮ್ಮ ಮನೆಯ ಮದುವೆ ಮದುವೆಯಾಗುವುದಿಲ್ಲವೋ ಅವರನ್ನು ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ. ಬೆರಳಿನ ಗುರುತು ಮೂಡುವುದು ತಡವಾದರೆ ಪಕ್ಕದಲ್ಲಿ ನಿಂತಿರಿ. ಮೂವತ್ತಾರು ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ಹೊಸದಾಗಿ ಮಾಡಿಸುವ ಅರವತ್ತು ದಾಟಿದವರಿಗೆ ಅದರಲ್ಲೂ ಶೇಕಡ ಹತ್ತು ರಿಯಾಯಿತಿ. ಮದುವೆಯ ಖರ್ಚಿನಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ.